ಪಲ್ಪರ್ ವಾಸನೆ ಎಂದು ನಾನು ಸಾಧಿಸಿದ ವರ್ಷ

ಮೊನ್ನೆ ಬಣಕಲ್ಲಿನಿಂದ ಮೂಡಿಗೆರೆಗೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಒಂದು ತಿರುವಿನಲ್ಲಿ ಆ ವಾಸನೆ ಹೊಡೆಯಿತು ನೋಡಿ, ಬ್ರೇಕ್ ಹಾಕಿಯೇ ಬಿಟ್ಟೆ. ರಸ್ತೆಯ ಕೆಳಗೆ ಎಲ್ಲೋ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿತ್ತು. ಆ ಸಿಪ್ಪೆ ರಾಶಿ ಬಿದ್ದು ಎರಡು ದಿನವಾದರೆ ಸಾಕು, ಸಿಹಿ, ಹುಳಿ, ಕೊಳೆತದ್ದು ಎಲ್ಲ ಕೂಡಿ ಒಂದು ಘಾಟು ಏಳುತ್ತದೆ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಡಿಸೆಂಬರ್ ಬಂತೆಂದು ಗೊತ್ತಾಗುವುದೇ ಅದರಿಂದ. ನಾನು ರಸ್ತೆಬದಿ ನಿಂತು ಮೂಗರಳಿಸಿ ಎಳೆಯುತ್ತಿದ್ದಾಗ ಹಿಂದೆ ಬಂದ ಜೀಪಿನವನು ನಿಲ್ಲಿಸಿ, "ಏನ್ ಮೇಡಂ, ಗಾಡಿ ಕೈ ಕೊಡ್ತಾ?" ಎಂದ. "ಇಲ್ಲ ಮಾರಾಯ, ವಾಸನೆ ನೋಡ್ತಿದ್ದೆ" ಎಂದೆ. ಅವನು ನನ್ನನ್ನು ಒಂದು ಥರ ನೋಡಿಕೊಂಡು ಹೋದ. ನೋಡಲಿ ಬಿಡಿ. ಈ ವಾಸನೆ ನನಗಿಂತ ಯಾರಿಗೆ ಗೊತ್ತು ಎಂಬ ಜಂಬದಲ್ಲಿ ನಾನೊಮ್ಮೆ ಒಬ್ಬ ಹುಡುಗನನ್ನು ಕಳೆದುಕೊಳ್ಳುವುದರಲ್ಲಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ಸಿಸ್ಟರುಗಳು ನಡೆಸುವ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಹುಟ್ಟಿದ್ದು ಬಣಕಲ್ಲಿನಲ್ಲೇ, ಅಪ್ಪ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿ ರಿಟೈರ್ ಆದವರು. ಆ ವರ್ಷ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಏಕೆಂದರೆ ನಮ್ಮ ಶಾಲೆಗೆ ಮೊದಲ ಬಾರಿಗೆ ನಿಜವಾದ ಒಂದು ವಾಲಿಬಾಲ್ ಟೀಮ್ ಇತ್ತು! ಜುಲೈಯ ಮಳೆಯಲ್ಲಿ ಕೆಸರು ಬಳಿದುಕೊಂಡು ಆಡಿ ತಾಲ್ಲೂಕಿನಲ್ಲಿ ಗೆದ್ದು ಬಂದಿದ್ದ ಹುಡುಗರು. ಕ್ರಿಸ್ಮಸ್ಸಿಗೆ ಮೊದಲು ಚಿಕ್ಕಮಗಳೂರಿನಲ್ಲಿ ಸಿಸ್ಟರುಗಳ ಶಾಲೆಗಳೆಲ್ಲ ಸೇರಿ ಆಡುವ ಪಂದ್ಯಾವಳಿ. ಆ ಕಪ್ಪನ್ನು ಆಫೀಸಿನ ಕಪಾಟಿನಲ್ಲಿ ಎಲ್ಲಿಡಬೇಕೆಂದು ಸಹ ನಾನು ನೋಡಿಟ್ಟುಕೊಂಡಿದ್ದೆ. ಇಷ್ಟಕ್ಕೆಲ್ಲ ಕಾರಣ ಹತ್ತನೇ ಕ್ಲಾಸಿನ ಪ್ರಜ್ವಲ್. ಶಾಟ್ ಹೊಡೆಯುವವರು ಎಲ್ಲ ಶಾಲೆಯಲ್ಲೂ ಸಿಗುತ್ತಾರೆ. ಚೆಂಡನ್ನು ಬೆರಳ ತುದಿಯಲ್ಲಿ ತೆಗೆದು ಹೊಡೆಯುವವನ ಕೈಗೇ ಸರಿಯಾಗಿ ಎತ್ತಿ ಕೊಡುವವನು ಸಿಗುವುದಿಲ್ಲ. ಪ್ರಜ್ವಲ್ ಹಾಗೆ ಎತ್ತಿ ಕೊಡುತ್ತಿದ್ದ. ಅವನ ಅಮ್ಮ ಸುಮಿತ್ರ ಜಾವಳಿ ಕಡೆಯ ಒಂದು ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಮನೆಯೆಂದರೆ ಪಲ್ಪರ್ ಪಕ್ಕದಲ್ಲೇ, ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆ. ತಾಯಿ, ಮಗ, ಜತೆಗೊಬ್ಬ ಸೋದರಮಾವ.

ಆ ಜೂನ್‌ನಲ್ಲಿ ಸಿಸ್ಟರ್ ಬೆನಿಟಾ ಹೆಡ್‌ಮಿಸ್ಟ್ರೆಸ್ ಆಗಿ ಬಂದರು. ಮಂಗಳೂರು ಕಡೆಯವರು. ಆಳು ಕುಳ್ಳಗೆ, ನಡಿಗೆ ಮಾತ್ರ ಓಟ. ಬಂದ ವಾರವೇ ಮೀಟಿಂಗ್ ಕರೆದು, ಕುಡಿತ, ಗುಟ್ಕಾ, ಗಾಂಜಾ ಇವುಗಳ ಬಗ್ಗೆ ಹೈಸ್ಕೂಲ್ ಮಕ್ಕಳ ಜತೆ ವಾರಕ್ಕೊಂದು ಪೀರಿಯಡ್ ಮಾತಾಡಲೇಬೇಕು ಎಂದರು. ಸ್ಟಾಫಿನಲ್ಲಿ ಮುಖ ಮುಖ ನೋಡಿಕೊಂಡೆವು. ನಮ್ಮ ಮಕ್ಕಳಾ? ಬೆಳಿಗ್ಗೆ ಕೈ ಜೋಡಿಸಿ ಪ್ರಾರ್ಥನೆ ಹೇಳುವ ಮಕ್ಕಳಾ? ಸಿಸ್ಟರ್ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತನೇ ಕ್ಲಾಸಿನ ಪೀರಿಯಡ್ ನನ್ನ ತಲೆಗೆ ಕಟ್ಟಿದರು. ನಾನು ಬೋರ್ಡಿನ ಮೇಲೆ ಲಿವರ್ ಬರೆದರೆ ಅದು ಬದನೆಕಾಯಿಯ ಹಾಗೆ ಬರುತ್ತಿತ್ತು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅದಕ್ಕೆ ಚೆಂದವಾಗಿ ಬಣ್ಣ ತುಂಬಿ ತಂದವನು ಪ್ರಜ್ವಲ್. ಅದನ್ನು ಗೋಡೆಗೆ ಅಂಟಿಸಿದ್ದೆ.

ಡಿಸೆಂಬರ್ ಮೊದಲ ವಾರ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದು ಸಾಲುಗಳು ಕ್ಲಾಸಿಗೆ ಹೋಗುತ್ತಿದ್ದವು. ಕ್ರಿಸ್ಮಸ್ ಗೋದಲಿ ಕಟ್ಟಲು ಮಕ್ಕಳು ತಂದಿದ್ದ ಪಾಚಿಯ ಬುಟ್ಟಿಗಳ ಹತ್ತಿರ ಸಿಸ್ಟರ್ ನನ್ನನ್ನು ನಿಲ್ಲಿಸಿದರು.

"ಶಶಿ ಟೀಚರ್, ಆ ಪ್ರಜ್ವಲ್ ಉಂಟಲ್ಲ, ಅವನ ಹತ್ತಿರ ಕುಡಿದ ವಾಸನೆ ಬರ್ತದೆ."

ನನಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಸಿಸ್ಟರ್, ಅದು ಪಲ್ಪರ್ ವಾಸನೆ! ಅವನ ಮನೆ ಪಲ್ಪರ್ ಪಕ್ಕದಲ್ಲೇ ಇರೋದು. ಬಟ್ಟೆ, ಬ್ಯಾಗು, ತಲೆಕೂದಲು, ಎಲ್ಲದಕ್ಕೂ ಹಿಡ್ಕೊಂಡಿರುತ್ತೆ."

"ಬಾಯಿಗೂ ಹಿಡಿತದಾ?"

"ತಿನ್ನೋ ಅನ್ನಕ್ಕೂ ಹಿಡಿಯುತ್ತೆ. ನೀವು ಸಮುದ್ರದ ಕಡೆಯವರು, ಮೀನಿನ ವಾಸನೆ ಹೇಳಿ, ಒಪ್ಕೋತೀನಿ. ಕಾಫಿ ವಿಷಯ ನಮಗೆ ಬಿಡಿ."

ಅಷ್ಟಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಶನಿವಾರ ಸಿಸ್ಟರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಮ್ಮ ಪರಿಚಯದವರ ಎಸ್ಟೇಟಿಗೇ ಹೋದೆ. ಪಲ್ಪರ್ ಗಡಗಡ ತಿರುಗುತ್ತಿತ್ತು, ತೊಟ್ಟಿಯಲ್ಲಿ ಬೀಜ ನೆನೆದು ನೊರೆ ಎದ್ದಿತ್ತು. ಸಿಸ್ಟರ್ ಬಿಳಿ ಬಟ್ಟೆ ಎತ್ತಿ ಹಿಡಿದು ಬಗ್ಗಿ ಮೂಸಿದರು. ಇನ್ನೊಂದು ಸಲ ಮೂಸಿದರು. "ಹುಳಿ ಉಂಟು. ಆದ್ರೆ ಇದು ಬೇರೆಯೇ, ಟೀಚರ್" ಎಂದರು. "ಮೈಮೇಲೆ ಕೂತ್ಮೇಲೆ ಬದಲಾಗುತ್ತೆ ಸಿಸ್ಟರ್" ಎಂದು ನಾನು ಒಂದು ಶಾಸ್ತ್ರವನ್ನೇ ಹುಟ್ಟಿಸಿ ಹೇಳಿದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಸಿಸ್ಟರ್ ತೊಟ್ಟಿ ಮೂಸಿದ್ದನ್ನು ನಾನು ಅಭಿನಯಿಸಿ ತೋರಿಸಿದೆ. ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈಗ ನೆನೆಸಿಕೊಂಡರೆ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮುಂದಿನ ಭಾನುವಾರ. ಅಪ್ಪ ಜಾವಳಿ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿ ಬಂದು ಶರ್ಟ್ ಬಿಚ್ಚುತ್ತಾ ಎಸ್ಟೇಟ್ ಸುದ್ದಿಯೆಲ್ಲ ಹೇಳುತ್ತಿದ್ದರು. ಅವರ ರಿಟೈರ್‌ಮೆಂಟ್ ಕಾಗದದಲ್ಲಿ ಮಾತ್ರ. ಎಲ್ಲಿ ಹಣ್ಣು ಎಷ್ಟಾಯಿತು, ಎಲ್ಲಿ ಆಳು ಸಿಗಲಿಲ್ಲ, ಎಲ್ಲ ಬೇಕು ಅವರಿಗೆ. ಮಾತಿನ ನಡುವೆ ಪ್ರಜ್ವಲ್ ಇರುವ ಎಸ್ಟೇಟಿನ ಹೆಸರು ಬಂತು.

"ಪಾಪ, ಅವ್ರ ಪಲ್ಪರ್ ಮೋಟಾರ್ ಸುಟ್ಟು ಹದಿನೈದು ದಿನದ ಮೇಲಾಯ್ತಂತೆ. ಹಣ್ಣನ್ನ ಹಾಗೇ ಕಣಕ್ಕೆ ಹರವಿ ಒಣಗಿಸ್ತಿದ್ದಾರೆ."

ನಾನು ದೋಸೆ ಹುಯ್ಯುತ್ತಿದ್ದೆ. ಸೌಟು ಹಾಗೇ ನಿಂತಿತು. "ಹಳೇ ಸಿಪ್ಪೆ ರಾಶಿ ಇರುತ್ತಲ್ಲ ಅಪ್ಪ? ವಾಸನೆ ಬರುತ್ತಲ್ಲ?"

"ಎಂಥದೂ ಇಲ್ಲ. ಎಲ್ಲ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ದಾರೆ. ನಾನು ಅಲ್ಲೇ ನಿಂತು ಕಾಫಿ ಕುಡ್ದು ಬಂದೆ, ವಾಸನೆನೇ ಇಲ್ಲ. ಏನೇ, ದೋಸೆ ಸೀದು ಹೋಗ್ತಿದೆ!"

ದೋಸೆ ಸೀದೇ ಹೋಯಿತು. ಹದಿನೈದು ದಿನದಿಂದ ಇಲ್ಲದ ವಾಸನೆ ಅವನ ಬಾಯಿಗೆ ಎಲ್ಲಿಂದ ಬಂತು?

ಸೋಮವಾರ ಬೆಳಿಗ್ಗೆ ಪ್ರಾಕ್ಟೀಸಿಗೆ ಹುಡುಗರೆಲ್ಲ ಬರುವುದಕ್ಕೆ ಮೊದಲೇ ಪ್ರಜ್ವಲ್ ಬಂದಿದ್ದ. "ಬಾಯಾರಿಕೆ ಕಣೋ, ನಿನ್ನ ಬಾಟ್ಲಿ ಕೊಡು" ಎಂದೆ. "ಖಾಲಿ ಮಿಸ್" ಎಂದ. ಕಿತ್ತುಕೊಂಡು ಅಲ್ಲಾಡಿಸಿದರೆ ಅರ್ಧ ತುಂಬಿತ್ತು. ಮುಚ್ಚಳ ತೆಗೆದೆ. ಕಿತ್ತಲೆ ಬಣ್ಣದ ಜ್ಯೂಸು, ಅದರ ಕೆಳಗಿನಿಂದ ಸಾರಾಯಿಯ ಘಾಟು. ಯಾವ ಶಾಸ್ತ್ರವೂ ಬೇಕಿರಲಿಲ್ಲ.

"ಮಾವ ತರೋ ಪ್ಯಾಕೆಟ್ಟಿಂದ ಮಿಸ್. ಸ್ವಲ್ಪನೇ. ಅದಿಲ್ದಿದ್ರೆ ಕೈ ಓಡಲ್ಲ." ಬಾಟ್ಲಿಯ ಕಡೆ ಚಾಚಿದ ಕೈಯನ್ನು ಹಿಂದೆಳೆದುಕೊಂಡ. "ಟಿ.ಸಿ. ಕೊಡ್ತಾರಾ ಮಿಸ್?"

ಕೊಡುತ್ತಿದ್ದರು. ಕುಡಿದು ಶಾಲೆಗೆ ಬಂದರೆ ಟಿ.ಸಿ. ಎಂದು ಶಾಲೆಯ ಡೈರಿಯಲ್ಲೇ ಅಚ್ಚಾಗಿತ್ತು. ಹತ್ತನೇ ಕ್ಲಾಸು, ಡಿಸೆಂಬರ್ ತಿಂಗಳು. ಈಗ ಹೊರಗೆ ಹಾಕಿದರೆ ಆ ಹುಡುಗನ ಓದು ಅಲ್ಲಿಗೇ ಮುಗಿದು, ನಾಳೆ ಅದೇ ಎಸ್ಟೇಟಿನಲ್ಲಿ ಮಾವನ ಜತೆ ನಿಂತಿರುತ್ತಾನೆ. ಬಾಟ್ಲಿಯನ್ನು ಸೀಬೆ ಮರದ ಬುಡಕ್ಕೆ ಸುರಿದೆ, ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿಕೊಂಡೆ. ಸಿಸ್ಟರಿಗೆ ಹೇಳಲಿಲ್ಲ. ಹುಡುಗನ ವರ್ಷ ಉಳಿಸುತ್ತಿದ್ದೇನೆ ಎಂದು ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧದಲ್ಲಿ ಆ ಶನಿವಾರದ ಚಿಕ್ಕಮಗಳೂರಿನ ಪಂದ್ಯವಿತ್ತು, ಸಿಸ್ಟರ್ ಮುಂದೆ ತಪ್ಪೊಪ್ಪಿಕೊಳ್ಳಲಾರದ ಸೊಕ್ಕೂ ಇತ್ತು.

ಬುಧವಾರ ಬಲೆ ತೆಗೆದುಕೊಂಡು ಬರಲು ಸ್ಟೋರಿನ ಹಿಂದೆ ಹೋದರೆ, ಟೀಮಿನ ಎಕ್ಸ್‌ಟ್ರಾ ಆಟಗಾರ, ಎಂಟನೇ ಕ್ಲಾಸಿನ ಪುಟ್ಟ ನಿಹಾಲ್, ಪ್ರಜ್ವಲನ ಬಾಟ್ಲಿ ಬಾಯಿಗಿಟ್ಟುಕೊಂಡು ಮುಖ ಹಿಂಡುತ್ತಿದ್ದ. ನನ್ನನ್ನು ಕಂಡು ಹೆದರಲಿಲ್ಲ. ಅದೇ ನನ್ನನ್ನು ಕೊಂದಿದ್ದು.

"ಕುಡಿದ್ರೆ ಬಾಲ್ ಕೈಗೆ ಅಂಟುತ್ತಂತೆ ಮಿಸ್. ಪ್ರಜ್ವಲಣ್ಣ ಕುಡಿಯೋದು ನಿಮಗೂ ಗೊತ್ತಲ್ಲ, ನೀವೇನೂ ಅನ್ನಲ್ವಲ್ಲ!"

ಬಲೆಯನ್ನು ಅಲ್ಲೇ ಎಸೆದು ಓಡಿದೆ. ನಿಜವಾಗಿ ಓಡಿದೆ, ಕಾರಿಡಾರಿನಲ್ಲಿ ಓಡಬಾರದೆಂದು ಮಕ್ಕಳಿಗೆ ಹೇಳುವವಳು ನಾನೇ. ಸಿಸ್ಟರ್ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲ ಕಕ್ಕಿದೆ. ಪಲ್ಪರ್ ಮೋಟಾರ್, ಬಾಟ್ಲಿ, ಆಣೆ, ನಿಹಾಲ್. ಅವರು "ನಾನು ಹೇಳಿದ್ದೆನಲ್ಲ" ಎಂದಿದ್ದರೆ ನನಗೆ ಹಗುರವಾಗುತ್ತಿತ್ತು. ಹಾಗೆನ್ನಲಿಲ್ಲ.

"ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಮೂರು ದಿನ ಸಿಸ್ಟರ್."

"ಮೂರು ದಿನ ಇಬ್ಬರೇ ಹೊತ್ತುಕೊಂಡಿದ್ದೀರಿ. ಇನ್ನು ಎಲ್ಲರೂ ಹೊರುವ" ಎಂದು ಎದ್ದರು. ಮೊದಲು ನಿಹಾಲನ ಮನೆಗೆ ಫೋನು ಮಾಡಿ, ಅವನ ತಂದೆ ಬಂದು ಕರೆದುಕೊಂಡು ಹೋಗುವವರೆಗೆ ಪಕ್ಕದಲ್ಲೇ ಕೂರಿಸಿಕೊಂಡು ಮಾತಾಡಿದರು. ಮಧ್ಯಾಹ್ನ ಶಾಲೆಯ ಆಡಳಿತ ನೋಡುವ ಫಾದರ್ ಬಂದರು. ಕೆಟ್ಟವರಲ್ಲ, ಆದರೆ ಡೈರಿ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು. "ಎಲ್ಲರಿಗೂ ಒಂದೇ ನಿಯಮ ಅಲ್ವಾ ಸಿಸ್ಟರ್?"

"ಟಿ.ಸಿ. ಕೊಟ್ರೆ ಕುಡಿಯುವುದು ಬಿಡ್ತಾನಾ ಫಾದರ್? ನಮಗೆ ಕಾಣದ ಜಾಗಕ್ಕೆ ಹೋಗಿ ಕುಡೀತಾನೆ, ಅಷ್ಟೇ."

ಫಾದರ್ ಡೈರಿ ಮುಚ್ಚಿ, "ಶುಕ್ರವಾರದೊಳಗೆ ತಾಯಿ ಬಂದು ಜವಾಬ್ದಾರಿ ತಗೊಳ್ಳಲಿ, ಆಮೇಲೆ ನೋಡೋಣ. ಬರದಿದ್ರೆ ನನ್ನ ಕೈಲಿ ಏನೂ ಇಲ್ಲ" ಎಂದರು.

ಎರಡೇ ದಿನ! ಅದೂ ಹಣ್ಣಿನ ಕೊಯ್ಲಿನಲ್ಲಿ! ಜನವರಿ ಕಳೆಯುವ ತನಕ ಈ ಕಡೆ ಯಾವ ತಾಯಿಯೂ ಶಾಲೆಗೆ ಬರುವುದಿಲ್ಲ. ಚೀಟಿ ಕಳಿಸಿದರೆ ಚೀಟಿ ಹಿಂದೆ ಬರುತ್ತದೆ. ಸುಮಿತ್ರರಿಗೆ ಫೋನು ಮಾಡಿದರೆ, "ಹಣ್ಣು ಉದುರ್ತಿದೆ ಮಿಸ್, ಕುಯ್ಲು ಮುಗೀಲಿ, ಬರ್ತೀನಿ" ಎಂದರು. ವಿಷಯವನ್ನು ಫೋನಿನಲ್ಲಿ ಹೇಳುವುದು ಬೇಡವೆಂದು ಸಿಸ್ಟರ್ ಕಣ್ಣಿನಲ್ಲೇ ಹೇಳಿದರು. ಫೋನ್ ಇಟ್ಟ ಮೇಲೆ ಕೇಳಿದರು, "ಈ ತಾಯಂದಿರೆಲ್ಲ ದಿನಕ್ಕೊಮ್ಮೆ ಒಂದು ಕಡೆ ಸೇರುವುದು ಎಂತಕ್ಕಾದರೂ ಉಂಟಾ?"

"ಸಂಜೆ ತೂಕಕ್ಕೆ ಸೇರ್ತಾರೆ ಸಿಸ್ಟರ್. ಕುಯ್ದ ಹಣ್ಣು ಮೂಟೆ ಕಟ್ಟಿ ತಂದು ತೂಗಿಸ್ಬೇಕಲ್ಲ."

"ಹಾಗಾದ್ರೆ ಪೇರೆಂಟ್ಸ್ ಮೀಟಿಂಗ್ ಅಲ್ಲೇ."

ಗುರುವಾರ ಸಂಜೆ ಜೀಪು ಹತ್ತಿದೆವು. ಸಿಸ್ಟರ್, ನಾನು, ಹಿಂದಿನ ಸೀಟಿನಲ್ಲಿ ಮುಖ ಸಣ್ಣ ಮಾಡಿಕೊಂಡ ಪ್ರಜ್ವಲ್. ಎಸ್ಟೇಟಿನವರಿಗೆ ಅಪ್ಪನಿಂದ ಫೋನು ಹೋಗಿತ್ತು. ಕಣದ ತುಂಬ ಕೆಂಪು ಹಣ್ಣು, ಸಾಲಾಗಿ ಮೂಟೆಗಳು, ಸೊಂಟಕ್ಕೆ ಗೋಣಿ ಕಟ್ಟಿದ ಹೆಂಗಸರು, ಗಂಡಸರು, ತಕ್ಕಡಿಯ ಪಕ್ಕ ರೈಟರು. ಅರ್ಧಕ್ಕರ್ಧ ನಮ್ಮ ಶಾಲೆಯ ಮಕ್ಕಳ ಮನೆಯವರೇ. ಬಿಳಿ ಬಟ್ಟೆಯ ಸಿಸ್ಟರ್ ಇಳಿದದ್ದೇ ತಡ ಗುಜುಗುಜು ಎದ್ದಿತು. ಸಿಸ್ಟರ್ ಮೊದಲು ಸುಮಿತ್ರರನ್ನು ಕಣದ ಅಂಚಿಗೆ ಕರೆದುಕೊಂಡು ಹೋಗಿ ಮಾತಾಡಿದರು. ದೂರದಿಂದ ನನಗೆ ಕಂಡದ್ದು ಸುಮಿತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಮಾತ್ರ. ಆಮೇಲೆ ಸಿಸ್ಟರ್ ಬಂದು ತಕ್ಕಡಿಯ ಹತ್ತಿರ ನಿಂತರು. ಕುರ್ಚಿ ತಂದುಕೊಟ್ಟರೆ ಕೂರಲಿಲ್ಲ. ಯಾವ ಹುಡುಗನ ಹೆಸರನ್ನೂ ಎತ್ತಲಿಲ್ಲ.

"ಭಾಷಣ ಮಾಡ್ಲಿಕ್ಕೆ ಬಂದದ್ದಲ್ಲ. ಒಂದೇ ಪ್ರಶ್ನೆ. ನಮ್ಮ ಮಕ್ಕಳ ಬಾಯಿಗೆ ಮೊದಲನೇ ಗುಟುಕು ಯಾರು ಹಾಕಿದ್ದು?"

ಎಲ್ಲರೂ ತಮ್ಮ ತಮ್ಮ ಮೂಟೆ ನೋಡಿಕೊಂಡರು. ಒಬ್ಬ ಹಿರಿಯಮ್ಮ, "ಪೇಟೆ ಹುಡುಗ್ರು ಹಾಳ್ ಮಾಡ್ತಾವೆ ಸಿಸ್ಟರಮ್ಮ" ಎಂದರು. ಹೌದು ಹೌದು ಎಂದು ಎಲ್ಲರೂ ಅದಕ್ಕೆ ಜೋತುಬಿದ್ದರು. ಆಗ ಅಮ್ಮನ ಮೂಟೆಯ ಪಕ್ಕ ನಿಂತಿದ್ದ ಪ್ರಜ್ವಲ್ ತಲೆ ಎತ್ತಿದ.

"ನಂಗೆ ಪೇಟೆ ಹುಡುಗ್ರಲ್ಲ. ಶಶಿ ಮಿಸ್ ಹೇಳಿದ್ದು."

ಕಣದ ಅಷ್ಟೂ ಕಣ್ಣು ನನ್ನ ಮೇಲೆ. ಏನೋ ಹಾಳಾದವನೇ, ನಾನಾ? ಎನ್ನಲು ಬಾಯಿ ತೆರೆದವಳಿಗೆ ನೆನಪು ಬಂದುಬಿಟ್ಟಿತು. ಜುಲೈ. ಮಾರನೇ ದಿನ ತಾಲ್ಲೂಕು ಮಟ್ಟದ ಪಂದ್ಯ, ಪ್ರಜ್ವಲನಿಗೆ ಗಡಗಡ ಚಳಿ, ಶೀತ. ನಮ್ಮಲ್ಲಿ ಯಾವ ಮನೆಯಲ್ಲಿ ಹೇಳುವುದಿಲ್ಲ ಈ ಮಾತನ್ನು? ನಮ್ಮ ಅಜ್ಜಿ ನನಗೂ ಹಾಕಿದ್ದಾರೆ. ನಾನು ಯೋಚನೆ ಮಾಡದೆ ಹೇಳಿದ್ದೆ: "ಅಮ್ಮನಿಗೆ ಹೇಳಿ ಬಿಸಿನೀರಿಗೆ ಒಂದು ಚಮಚ ಬ್ರಾಂದಿ ಹಾಕ್ಕೊಂಡು ಕುಡ್ದು ಮಲ್ಕೋ, ಬೆಳಿಗ್ಗೆ ಹುಲಿ ಥರ ಎದ್ದು ಬರ್ತೀಯ." ಬಂದಿದ್ದ. ಹುಲಿಯ ಹಾಗೇ ಆಡಿದ್ದ. ನಾನು ಬೆನ್ನು ತಟ್ಟಿದ್ದೆ. ಕುಡಿದರೆ ಕೈ ಓಡುತ್ತದೆ ಎಂದು ಅವನಿಗೆ ಕಲಿಸಿದವಳು ನಾನು.

ತಕ್ಕಡಿಯ ಹತ್ತಿರ ಹೋಗಿ ನಿಂತೆ. "ನಿಜ. ನಾನೇ ಹೇಳಿದ್ದು. ಅದಾದ್ಮೇಲೆ ವಾಸನೆ ಬಂದಾಗ ಪಲ್ಪರ್ ವಾಸನೆ ಅಂತ ಸಾಧಿಸಿದ್ದೂ ನಾನೇ. ತಪ್ಪಾಯ್ತು" ಎಂದೆ. ಟೀಚರ್ ಒಬ್ಬಳು ಹೀಗೆ ಎಲ್ಲರೆದುರು ತಪ್ಪಾಯ್ತು ಎನ್ನುವುದನ್ನು ಅವರು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಅಷ್ಟರಲ್ಲಿ ಸಿಸ್ಟರ್ ನನ್ನ ಪಕ್ಕಕ್ಕೆ ಬಂದು, "ನಮ್ಮಲ್ಲಿ ಕ್ರಿಸ್ಮಸ್ಸಿಗೆ ಕೇಕಿನ ಜತೆ ಮಕ್ಕಳಿಗೂ ಒಂದು ಗುಟುಕು ಮನೆ ವೈನ್ ಕೊಡ್ತಾರೆ. ನಾನು ನನ್ನ ಅಣ್ಣನ ಮಕ್ಕಳಿಗೆ ಕೊಟ್ಟಿದ್ದೇನೆ. ಎಂತ ಆಗ್ತದೆ ಅಂತ ಕೊಟ್ಟದ್ದು. ಇನ್ನು ಕೊಡುವುದಿಲ್ಲ" ಎಂದರು.

ಆಮೇಲೆ ನೋಡಬೇಕಿತ್ತು ಆ ಕಣವನ್ನು! ಕಟ್ಟೆ ಒಡೆದ ಹಾಗೆ ಶುರುವಾಯಿತು. ಮಗುವಿಗೆ ಹಲ್ಲು ಬರುವಾಗ ವಸಡಿಗೆ ಹಚ್ಚಿದೆ ಎಂದವರೊಬ್ಬರು. ಶೀತಕ್ಕೆ ನಾನೂ ಹಾಕ್ತೀನಿ ಎಂದವರು ಹತ್ತು ಜನ. ಪ್ಯಾಕೆಟ್ ತರೋಕೆ ಮಗನನ್ನೇ ಕಳಿಸ್ತೀನಿ ಎಂದು ಒಬ್ಬ ತಲೆ ಕೆರೆದುಕೊಂಡ, ಅವನ ಹೆಂಡತಿ ಅಲ್ಲೇ ಅವನಿಗೆ ಮಂಗಳಾರತಿ ಎತ್ತಿದಳು. ಪ್ರಜ್ವಲನ ಮಾವ ಮೂಟೆಗಳ ಹಿಂದೆ ಮೆಲ್ಲಗೆ ಜಾರುತ್ತಿದ್ದವನನ್ನು ಇಬ್ಬರು ಹೆಂಗಸರು ಹಿಡಿದು ಎದುರಿಗೆ ತಂದರು. ರೈಟರು ತೂಕ ಮರೆತು ನಿಂತುಬಿಟ್ಟಿದ್ದರು. ಕೊನೆಗೆ ಮಾತಾಡಿದ್ದು ಸುಮಿತ್ರ.

"ನೀವು ಹೇಳಿದ್ದು ಒಂದು ಚಮಚ ಮಿಸ್. ಆಮೇಲೆ ಪ್ಯಾಕೆಟ್ ದಿನಾ ಕಮ್ಮಿ ಆಗೋದು ನನ್ ಕಣ್ಣಿಗೆ ಕಾಣ್ತಿತ್ತು. ಇಲಿ ಕಚ್ಚಿರ್ಬೇಕು ಅಂದ್ಕೊಂಡೆ. ಇಲಿ ಅಲ್ಲ ಅಂತ ಗೊತ್ತಿತ್ತು. ನಂಗೂ ಇಲಿನೇ ಬೇಕಿತ್ತು." ಮಗನ ಕಡೆ ತಿರುಗಿ, "ನಾಳೆ ಹಣ್ಣು ಉದುರಿದ್ರೆ ಉದುರ್ಲಿ. ನಾನು ಬರ್ತೀನಿ" ಎಂದರು.

ಶುಕ್ರವಾರ ಒಂಬತ್ತಕ್ಕೇ ಸುಮಿತ್ರ ಬಂದರು, ಪ್ರಜ್ವಲನ ಮಾವನನ್ನೂ ಎಳೆದುಕೊಂಡು. ಫಾದರ್ ಟಿ.ಸಿ. ಬರೆಯಲಿಲ್ಲ. ವಾರಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯ ಡಾಕ್ಟರ ಬಳಿ ಹೋಗಬೇಕು, ಈ ವರ್ಷ ಆಟ ಇಲ್ಲ, ಇನ್ನೊಂದು ಸಲ ಕುಡಿದರೆ ಕ್ಷಮೆ ಇಲ್ಲ ಎಂದರು. ಮಾವ ಮನೆಗೆ ಪ್ಯಾಕೆಟ್ ತರುವುದಿಲ್ಲ ಎಂದು ಫಾದರ್ ಎದುರೇ ಹೇಳಿದ. ಶನಿವಾರ ಚಿಕ್ಕಮಗಳೂರಿನಲ್ಲಿ ಮೊದಲ ಸುತ್ತಿನಲ್ಲೇ ಸೋತೆವು. ಎಚ್ಚರಿಕೆ ಕೊಟ್ಟು ಪ್ರಜ್ವಲನ ಜಾಗದಲ್ಲಿ ಆಡಲು ಬಿಟ್ಟಿದ್ದ ನಿಹಾಲ್ ಎತ್ತಿದ ಚೆಂಡು ಒಂದು ಬಲೆಗೆ, ಒಂದು ಮಾವಿನ ಮರಕ್ಕೆ! ಪ್ರಜ್ವಲ್ ಬೆಂಚಿನಲ್ಲಿ ಕೂತು ಗಂಟಲು ಹರಿಯುವ ಹಾಗೆ ಕೂಗಿ ಹೇಳಿಕೊಡುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಹಾಡೋ ಹಾಡು. ಸೋತು ಇಷ್ಟು ಗದ್ದಲ ಮಾಡಿದ ಟೀಮನ್ನು ನಾನು ಇನ್ನೊಂದು ನೋಡಿಲ್ಲ.

ಜನವರಿ ಚೆನ್ನಾಗಿ ಕಳೆಯಿತು. ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಮೊದಲ ದಿನ ಬೆಳಿಗ್ಗೆ ನಾನು ಗೇಟಿಗೆ ಬಂದಾಗ ಪ್ರಜ್ವಲ್ ಆಗಲೇ ನಿಂತಿದ್ದ. ಕಣ್ಣು ಕೆಂಪಗೆ. ನಾನು ಹತ್ತಿರ ಹೋಗುವ ಮೊದಲೇ ಅವನೇ ಬಂದ.

"ಮಿಸ್, ನಿನ್ನೆ ಸಂಜೆ ಕುಡ್ದೆ. ಪರೀಕ್ಷೆ ಭಯಕ್ಕೆ. ಅಮ್ಮನಿಗೆ ನಿನ್ನೆನೇ ಹೇಳ್ದೆ. ನಿಮಗೆ ಹೇಳೋಕೆ ಮೊದಲನೇ ಬಸ್ಸಿಗೆ ಬಂದೆ. ಟಿ.ಸಿ. ಕೊಟ್ರೆ ತಗೋತೀನಿ."

ನನಗೆ ಸಿಟ್ಟು ಬರಬೇಕಿತ್ತು. ಸತ್ಯವಾಗಿ ಹೇಳುತ್ತೇನೆ, ಎದೆ ಉಬ್ಬಿ ಬಂತು. ಕುಡಿದೆ ಎಂದ ಹುಡುಗನನ್ನು ಕಂಡು ಕುಣಿಯಬೇಕು ಅನಿಸಿದ ಟೀಚರ್ ಇಡೀ ಜಿಲ್ಲೆಗೆ ನಾನೊಬ್ಬಳೇ ಇರಬೇಕು. ಅವನ ಕೈ ಹಿಡಿದು ದರದರ ಸಿಸ್ಟರ ಹತ್ತಿರ ಎಳೆದುಕೊಂಡು ಹೋದೆ. ಅವನು ಅದೇ ಮಾತನ್ನು, ಒಂದು ಅಕ್ಷರ ಬಿಡದೆ, ಅವರ ಮುಂದೆಯೂ ಹೇಳಿದ. ಅಷ್ಟರಲ್ಲಿ ಮೊದಲ ಬೆಲ್ ಹೊಡೆಯಿತು. ಸಿಸ್ಟರ್ ಅವನ ಮುಖವನ್ನೇ ನೋಡಿದರು.

"ನಾವು ಹಿಡಿದದ್ದಲ್ಲ, ನೀನೇ ಬಂದು ಹೇಳಿದ್ದು. ಫಾದರ್ ಹತ್ತಿರ ನಾನು ಮಾತಾಡ್ತೇನೆ" ಎಂದರು. "ಸಂಜೆ ಡಾಕ್ಟರ ಹತ್ತಿರ ಹೋಗುವ, ನಾವು ಮೂವರೂ. ಈಗ ಪೆನ್ನು ಉಂಟಾ?"

"ಉಂಟು ಸಿಸ್ಟರ್" ಎಂದ ಅವನು, ಅಳುತ್ತಾ.

"ಮತ್ತೆ ಎಂತಕ್ಕೆ ನಿಂತಿದ್ದೀ? ಓಡು!"

ಕಾರಿಡಾರಿನಲ್ಲಿ ಅವನು ಓಡಿದ. ನಾನು ತಡೆಯಲಿಲ್ಲ.